ಕಿಲೋಜೂಲ್ ಕೊಟ್ಟ ಪೆಟ್ಟು
ಡೈನೈಟ್ರೋಜನ್ ಟೆಟ್ರಾಕ್ಸೈಡ್ ಒಡೆದು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುವ ಲೆಕ್ಕ. 298 ಕೆಲ್ವಿನ್, 1 ಬಾರ್ ಒತ್ತಡ, ಗಿಬ್ಸ್ ಶಕ್ತಿಯ (ಕ್ರಿಯೆ ತಾನಾಗಿ ಯಾವ ಕಡೆ ಸಾಗುತ್ತದೆ ಎಂದು ತಿಳಿಸುವ ಶಕ್ತಿ) ಬದಲಾವಣೆ ಮೋಲ್‌ಗೆ 4.8 ಕಿಲೋಜೂಲ್. ಎಷ್ಟು ಭಾಗ ಒಡೆಯುತ್ತದೆ? ಆ ಭಾಗಕ್ಕೆ ಆಲ್ಫಾ ಎಂದು ಹೆಸರು.

ನನಗೆ ಬಂದದ್ದು ಶೇ. 45, ಪುಸ್ತಕದ ಹಿಂದಿನ ಉತ್ತರ ಶೇ. 19. ಎರಡು ಸಂಜೆ ಬೀಜಗಣಿತವನ್ನೇ ಅನುಮಾನಿಸಿದೆ. ಆಲ್ಫಾ ವರ್ಗವನ್ನು ಕೈಬಿಡದೆ ಮತ್ತೆ ಬಿಡಿಸಿದೆ, ಆಂಶಿಕ ಒತ್ತಡಗಳನ್ನು (ಒಟ್ಟು ಒತ್ತಡದಲ್ಲಿ ಒಂದೊಂದು ಅನಿಲದ ಪಾಲು) ಮತ್ತೆ ಬರೆದೆ. ಊಹೂಂ, ಅದೇ 45.

ಕೊನೆಗೆ ಒಂದು ಹೆಜ್ಜೆ ಹಿಂದೆ ಹೋಗಿ ಸಮತೋಲನ ಸ್ಥಿರಾಂಕವನ್ನೇ (ಕ್ರಿಯೆ ಎಷ್ಟು ಮುಂದೆ ಹೋಗಿ ನಿಲ್ಲುತ್ತದೆ ಎಂದು ಹೇಳುವ ಸಂಖ್ಯೆ) ನೋಡಿದೆ: 0.998. ಗಿಬ್ಸ್ ಬದಲಾವಣೆ ಧನಾತ್ಮಕವಾದರೆ ಅದು 1ಕ್ಕಿಂತ ಕಡಿಮೆ ಇರಬೇಕು. ಇತ್ತಲ್ಲ! ಅದಕ್ಕೇ ಸಂಶಯ ಬಂದಿರಲಿಲ್ಲ. ಏನಾದರೂ ಹುಚ್ಚು ಸಂಖ್ಯೆ ಬಂದಿದ್ದರೆ ಆಗಲೇ ಸಿಕ್ಕಿಬೀಳುತ್ತಿದ್ದೆ.

ತಪ್ಪು ಇಷ್ಟೇ. ಅನಿಲ ಸ್ಥಿರಾಂಕ 8.314 ಇರುವುದು ಜೂಲ್‌ನಲ್ಲಿ, ನಾನು ಹಾಕಿದ್ದು ಕಿಲೋಜೂಲ್‌ನ 4.8. ಅದನ್ನು 4800 ಮಾಡಿ, 8.314 ಮತ್ತು 298ರ ಗುಣಲಬ್ಧದಿಂದ ಭಾಗಿಸಿದರೆ 1.94. ಋಣ ಚಿಹ್ನೆಯೊಂದಿಗೆ ಅದನ್ನು e ಸಂಖ್ಯೆಯ ಘಾತವಾಗಿಸಿದರೆ ಸಮತೋಲನ ಸ್ಥಿರಾಂಕ 0.144. ಅದನ್ನು 4.144ರಿಂದ (4ಕ್ಕೆ ಅದೇ ಸ್ಥಿರಾಂಕ ಕೂಡಿಸಿದ್ದು) ಭಾಗಿಸಿ ವರ್ಗಮೂಲ ತೆಗೆದರೆ ಆಲ್ಫಾ 0.186, ಅಂದರೆ ಪುಸ್ತಕದ ಶೇ. 19.

ಈಗ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಏಕಮಾನ ಬರೆಯುತ್ತೇನೆ, ಗೆಳೆಯರು ನಕ್ಕರೂ ಸರಿ.