ಕಾಜಾಗೆ ಹೋಗುವಾಗ ರಾತ್ರಿ ಎಲ್ಲಿ ಮಲಗಬೇಕು: ನನ್ನ ಅನುಭವ

ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಾಜಾ ಇರುವುದು ಸುಮಾರು 3,650 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕದಲ್ಲಿ ಅಲ್ಲಿ ಸಿಗುವುದು ಹೆಚ್ಚುಕಡಿಮೆ ಮೂರನೇ ಎರಡು ಪಾಲು. ಮನಾಲಿಯಿಂದ ಸುಮಾರು 200 ಕಿ.ಮೀ., ಒಂದೇ ದಿನದ ದಾರಿ. ಆದರೂ ಆ ಕಡೆಯಿಂದ ನಾನು ಹತ್ತುವುದಿಲ್ಲ. ಬೆಳಿಗ್ಗೆ 2,050 ಮೀಟರ್‌ನಲ್ಲಿ ಎದ್ದು, ರಾತ್ರಿ 4,200 ದಾಟಿದ ಚಂದ್ರತಾಲ ಸರೋವರದ ಬಳಿಯ ಟೆಂಟಿನಲ್ಲಿ ಮಲಗಿದರೆ ತಲೆನೋವು, ವಾಂತಿ ಬರದಿದ್ದರೇ ಆಶ್ಚರ್ಯ. ಎಷ್ಟೋ ಪ್ಯಾಕೇಜುಗಳಲ್ಲಿ ಮೊದಲ ರಾತ್ರಿಯೇ ಇದು!

ನಾನು ಶಿಮ್ಲಾ, ಕಿನ್ನೌರ್ ಮೂಲಕ ಒಳಹೋಗಿ ಮನಾಲಿ ಕಡೆಗೆ ಹೊರಬರುತ್ತೇನೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಅದಕ್ಕೇ ಕಲ್ಪಾದಲ್ಲಿ (2,960) ಎರಡು ರಾತ್ರಿ, ಆಮೇಲೆ ತಾಬೊ (3,280), ಆಮೇಲೆ ಕಾಜಾ. ನಡುವೆ ಸಿಗುವ ನಾಕೋ ಚಂದದ ಊರೇ, ಆದರೆ 3,600 ಮೀಟರ್. ಊಟ ಮಾಡಿ ಮುಂದೆ ಹೋಗಿ, ಅಲ್ಲಿ ಮಲಗಬೇಡಿ. ಕೀ ಮಠ, ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಎಲ್ಲ 4,100ರ ಮೇಲಿವೆ. ಹಗಲಲ್ಲಿ ನೋಡಿಕೊಂಡು ರಾತ್ರಿಗೆ ಕಾಜಾಗೇ ಇಳಿಯಿರಿ. ಚಂದ್ರತಾಲ ಕೊನೆಗಿರಲಿ.

ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಬೇಕೆಂದರೆ ವೈದ್ಯರನ್ನು ಕೇಳಿ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿ.ಗ್ರಾಂ. ದಿನಕ್ಕೆರಡು ಸಲ, ಹತ್ತುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ಅದನ್ನು ಮೊದಲೇ ತಿಳಿಸಬೇಕು. ಬೆರಳು ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಈ ಮಾತ್ರೆಯ ಗುಣ, ಗಾಬರಿ ಬೇಡ. ಮೊದಲ ರಾತ್ರಿಗಳಲ್ಲಿ ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ. ಕೈಯಲ್ಲಿ ಹಿಡಿಯುವ ಆಕ್ಸಿಜನ್ ಕ್ಯಾನ್ ಕೆಲವೇ ನಿಮಿಷಕ್ಕೆ ಖಾಲಿ. ಅದನ್ನು ನಂಬಿ ಮೇಲೇ ಉಳಿಯುವುದು ಅಪಾಯ.

ಸುಮ್ಮನೆ ಕೂತಾಗಲೂ ಏದುಸಿರು, ಅಥವಾ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ನಡೆಯಲು ಆಗದಷ್ಟು ತೂರಾಟ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಕಾಜಾದ ಆಸ್ಪತ್ರೆಯಲ್ಲಿ ಆಮ್ಲಜನಕ ಹಿಡಿಸಿ ಕೆಳಗೆ ಹೊರಡಿ. ಕೆಳಗೆ ಅಂದರೆ ತಾಬೊ, ಕಿನ್ನೌರ್ ಕಡೆ. ಮನಾಲಿ ಹತ್ತಿರವಲ್ಲವೇ ಎಂದು ಅತ್ತ ತಿರುಗಿಸಿದರೆ ಇಳಿಯುವ ಮುಂಚೆ ಕುಂಜುಂ ಕಣಿವೆದಾರಿಗೆ (4,551) ಇನ್ನೂ 900 ಮೀಟರ್ ಹತ್ತಬೇಕು.

ಕುಂಜುಂ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಅದನ್ನು ದಾಟಿ ಮನಾಲಿ ಕಡೆ ಇಳಿದರೆ, ಬಾತಲ್‌ನಿಂದ ಛತ್ರು ತನಕ ರಸ್ತೆಗೆ ಅಡ್ಡ ಹರಿಯುವ ನಾಲಾಗಳಿವೆ. ಬಿಸಿಲೇರಿದಂತೆ ಹಿಮ ಕರಗಿ ಮಧ್ಯಾಹ್ನ ನೀರು ಉಕ್ಕುತ್ತದೆ. ಕಾರಿನ ತಳ ಬಡಿಯುವುದು, ಬೈಕ್ ಉರುಳುವುದು ಆಗಲೇ. ಬೆಳಕು ಹರಿಯುತ್ತಲೇ ಹೊರಟರೆ ಅದೇ ನಾಲಾದಲ್ಲಿ ಕಲ್ಲು ಕಾಣುವಷ್ಟು ನೀರಿರುತ್ತದೆ. ಕಾಜಾದಿಂದ ಹೋಗುವಾಗ ಕುಂಜುಂಗೆ ಮುಂಚೆ ಸಿಗುವ ಲೋಸರ್ ಹಳ್ಳಿ ದಾಟಿದ ಮೇಲೆ ಫೋನ್ ನೆಚ್ಚಿಕೊಳ್ಳಬೇಡಿ. ಕಾಜಾದಲ್ಲಿ ಬಂಕ್ ಇದೆ, ಎಟಿಎಂ ಇದೆ. ಕರೆಂಟೋ ನೆಟ್‌ವರ್ಕೋ ಹೋದರೆ ಎಟಿಎಂ ಇದ್ದೂ ಇಲ್ಲದಂತೆ. ನಗದನ್ನು ಶಿಮ್ಲಾದಲ್ಲೇ ತೆಗೆದುಕೊಳ್ಳಿ, ಕಾಜಾ ಬಿಡುವಾಗ ಟ್ಯಾಂಕ್ ತುಂಬಿಸಿಕೊಳ್ಳಿ.