ತಮ್ಮನ ಮದುವೆಗೆ ಸೆಕೆಂಡ್ ಹ್ಯಾಂಡ್ ಕೋಟು

ಕಲಬುರಗಿಯಲ್ಲಿ ಕೋಟು ಹೊಲಿಯುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷ ಆಯಿತು. ಆದರೂ ತಮ್ಮನ ಮದುವೆಗೆ ನಾನು ಕೋಟು ಹೊಲಿಯಲಿಲ್ಲ. ಹೊಸದನ್ನೂ ಕೊಳ್ಳಲಿಲ್ಲ. ಹೈದರಾಬಾದಿಗೆ ಹೋಗಿ ಯಾರೋ ಹಾಕಿ ಬಿಟ್ಟ, ಇಟಲಿಯ ದೊಡ್ಡ ಹೆಸರಿನ ಜೆನ್ಯಾ ಕಂಪನಿಯ ಕೋಟು ತಂದೆ. 18,000 ರೂಪಾಯಿ ಬಿತ್ತು.

ಆಸೆ ತಮ್ಮನದು. ಬೆಂಗಳೂರಿನ ಶೋರೂಮಿನಲ್ಲಿ ನೋಡಿ ಬಂದಿದ್ದ. 'ಅಣ್ಣಾ, ಒಂದ್ ಸಲ ಅಂಥಾದ್ ಹಾಕ್ಕೋಬೇಕಂತ ಅದ' ಅಂದ. ಹೊಸ ಸೂಟಿಗೆ ಎರಡು ಲಕ್ಷದ ಮೇಲೆ. ಅಷ್ಟು ರೊಕ್ಕ ನಮ್ಮ ಹತ್ತಿರ ಇರಲಿಲ್ಲ. ಇದ್ದಿದ್ದರೂ ನಾನು ಕೊಡುತ್ತಿರಲಿಲ್ಲ. ಕೋಟಿನಲ್ಲಿ ಬಟ್ಟೆ ಎಷ್ಟು, ಕೈಕೆಲಸ ಎಷ್ಟು ಅಂತ ನನಗೆ ಗೊತ್ತು. ಉಳಿದದ್ದು ಹೆಸರಿಗೆ, ಅಂಗಡಿಯ ದೀಪಕ್ಕೆ, ಬಾಡಿಗೆಗೆ ಹೋಗುತ್ತದೆ. ಮೊದಲು ಕೊಂಡವರು ಅದನ್ನೆಲ್ಲ ಕಟ್ಟಿರುತ್ತಾರೆ. ಎರಡನೆಯವನು ಬಟ್ಟೆಗೂ ಕೆಲಸಕ್ಕೂ ಮಾತ್ರ ಕೊಟ್ಟರೆ ಸಾಕು, ಅಲ್ವಾ?

ಆದರೆ ಮೊದಲ ಸಲ ನಾನೇ ಮೋಸ ಹೋದೆ. ಫೋನಿನಲ್ಲಿ ಒಂದು ಕೋಟು ನೋಡಿ 6,500 ರೂಪಾಯಿಗೆ ತರಿಸಿದೆ. ಲೇಬಲ್ ದೊಡ್ಡ ಹೆಸರಿನದು. ಫೋಟೋ ಎಲ್ಲ ಮುಂಭಾಗದವು. ಬಂದ ಮೇಲೆ ಸ್ಟೀಮ್ ಇಸ್ತ್ರಿ ಹಿಡಿದೆ. ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಒಳಗೆ ಪೇಸ್ಟಿಂಗ್ ಮಾಡಿದ, ಅಂದರೆ ಒಳಪದರವನ್ನು ಹೊಲಿಯದೆ ಅಂಟಿಸಿದ ಕೋಟು ಅದು. ಅಂಟು ಬಿಟ್ಟರೆ ಬಟ್ಟೆ ಹೀಗೆ ಉಬ್ಬುತ್ತದೆ. ಮತ್ತೆ ಸರಿ ಮಾಡಲು ಬರುವುದಿಲ್ಲ. ಅದು ಈಗಲೂ ಅಂಗಡಿಯಲ್ಲಿದೆ, ಕಲಿಯುವ ಹುಡುಗರಿಗೆ ತೋರಿಸಲು.

ಅವತ್ತಿನಿಂದ ಲೇಬಲ್ ಕೊನೆಗೆ ನೋಡುತ್ತೇನೆ. ಮೊದಲು ಕೈಗೆ ಕೆಲಸ. ಕೆಳಗಿನ ಕಾಜದ ಹತ್ತಿರ ಹೊರಗಿನ ಬಟ್ಟೆ ಒಂದು ಕೈಯಲ್ಲಿ, ಒಳಗಿನ ಬಟ್ಟೆ ಇನ್ನೊಂದು ಕೈಯಲ್ಲಿ ಹಿಡಿದು ಮೆಲ್ಲಗೆ ಬಿಡಿಸಬೇಕು. ನಡುವೆ ಮೂರನೇ ಪದರ ಬೇರೆಯಾಗಿ ಜಾರಿದರೆ ಅದು ಹೊಲಿದ ಕ್ಯಾನ್ವಾಸ್, ಕೋಟಿಗೆ ಆಕಾರ ಕೊಡುವ ಒಳಬಟ್ಟೆ. ಅಲ್ಲಿ ಏನೂ ಸಿಗದಿದ್ದರೆ ಎದೆಯ ಹತ್ತಿರ ಹೀಗೇ ನೋಡಿ. ಎದೆಯವರೆಗೆ ಮಾತ್ರ ಹೊಲಿದ ಅರ್ಧ ಕ್ಯಾನ್ವಾಸ್ ಇದ್ದರೆ ಅಲ್ಲಿ ಸಿಗುತ್ತದೆ, ಅದೂ ನಡೆಯುತ್ತದೆ. ಎಲ್ಲೂ ಸಿಗದಿದ್ದರೆ ಪೇಸ್ಟಿಂಗ್. ಅಂಥದ್ದಕ್ಕೆ ನಾನು ಜಾಸ್ತಿ ರೊಕ್ಕ ಕೊಡುವುದಿಲ್ಲ, ಯಾರ ಹೆಸರೇ ಇರಲಿ.

ಹೆಸರನ್ನೂ ಪೂರ್ತಿ ಓದಬೇಕು. ಇಟಲಿಯ ಇನ್ನೊಂದು ದೊಡ್ಡ ಹೆಸರು ಅರ್ಮಾನಿ. ಅರ್ಮಾನಿ ಅಂದರೆ ಒಂದೇ ಅಲ್ಲ. ಜಾರ್ಜಿಯೋ ಅರ್ಮಾನಿ ಬೇರೆ, ಎಂಪೋರಿಯೋ ಬೇರೆ, ಎಕ್ಸ್‌ಚೇಂಜ್ ಬೇರೆ. ಬೆಲೆ ಬೇರೆ, ಒಳಗಿನ ಕೆಲಸವೂ ಬೇರೆ. ಮಾರುವವರು ಸುಮ್ನೆ 'ಅರ್ಮಾನಿ' ಅಂದುಬಿಡುತ್ತಾರೆ.

ಹೈದರಾಬಾದಿನ ಆ ಅಂಗಡಿಯಲ್ಲಿ ಎರಡು ತಾಸು ಕೂತೆ. ನೀಲಿ ಕೋಟು, ಜೊತೆಗೆ ಪ್ಯಾಂಟು. ಜೆನ್ಯಾದವರು 1910ರಲ್ಲಿ ಇಟಲಿಯ ತ್ರಿವೇರೊದಲ್ಲಿ ಉಣ್ಣೆ ಗಿರಣಿ ಇಟ್ಟು ಶುರು ಮಾಡಿದವರು. ಅದಕ್ಕೇ ನಾನು ಅವರ ಬಟ್ಟೆಯ ಕಡೆ ಮೊದಲು ನೋಡಿದ್ದು. ಮುಷ್ಟಿಯಲ್ಲಿ ಹಿಂಡಿ ಬಿಟ್ಟೆ. ನೆರಿಗೆ ತಾನಾಗಿ ಬಿಡಿಸಿಕೊಂಡಿತು. ಮಾಲೀಕರನ್ನು ಕೇಳಿ ಒಳ ಹೊಲಿಗೆಯಿಂದ ಒಂದು ಎಳೆ ತೆಗೆದು ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು. ಬೂದಿ ಬೆರಳಲ್ಲಿ ಪುಡಿಯಾಯಿತು. ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿ ಆಗುತ್ತದೆ. ಅಸ್ತರ್ ಬೆನ್ನಿನಲ್ಲಿ ಅರ್ಧಕ್ಕೆ ಮಾತ್ರ ಇತ್ತು. ಮೇ ತಿಂಗಳ ಮದುವೆ, ಕಲಬುರಗಿಯ 42 ಡಿಗ್ರಿ ಬಿಸಿಲು. ತೆಳು ಉಣ್ಣೆ, ಅರ್ಧ ಅಸ್ತರ್ ಇದ್ದರೆ ಗಾಳಿ ಆಡುತ್ತದೆ. ಉಣ್ಣೆ ಅಂದರೆ ಚಳಿಗೇ ಅಂತ ನಮ್ಮ ಮಂದಿ ತಿಳಿದಿದ್ದಾರೆ. ಹಾಗಲ್ಲ.

ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಎಡ ತೋಳಿನಲ್ಲಿ ಹುಳ ತಿಂದ ಒಂದು ತೂತು, ಸಾಸಿವೆ ಕಾಳಿನಷ್ಟು. ಅದನ್ನು ತೋರಿಸಿ 22,000ದಿಂದ 18,000ಕ್ಕೆ ಇಳಿಸಿದೆ. ನಮ್ಮ ದರ್ಗಾ ಕಡೆ ಒಬ್ಬ ಹಿರಿಯ ರಫೂಗಾರರಿದ್ದಾರೆ. ಪ್ಯಾಂಟಿನ ಮಡಿಕೆಯೊಳಗಿಂದ ಎಳೆ ತೆಗೆದು ಅದೇ ಎಳೆಯಿಂದ ನೇಯ್ದು ಕೊಟ್ಟರು. ಈಗ ನನಗೇ ಹುಡುಕಿದರೆ ಸಿಗುವುದಿಲ್ಲ. 400 ರೂಪಾಯಿ ಕೇಳಿದರು, 500 ಕೊಟ್ಟೆ. ಅಂಥ ಕೈ ಇನ್ನೆಷ್ಟು ವರ್ಷ ಸಿಗುತ್ತದೋ.

ಅಳತೆಯ ವಿಷಯ. ಭುಜ ಸರಿ ಕೂತಿರಬೇಕು, ಅದರಲ್ಲಿ ರಾಜಿ ಬೇಡ. ಭುಜ ಬಿಚ್ಚಿದರೆ ಕೋಟೇ ಬಿಚ್ಚಿದಂತೆ. ಸೊಂಟ ಸಣ್ಣ ಮಾಡಬಹುದು. ಬೆನ್ನಿನ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದರೆ ಸ್ವಲ್ಪ ದೊಡ್ಡದೂ ಮಾಡಬಹುದು. ತೋಳಿನ ತುದಿಯ ಕಾಜ ನಿಜವಾಗಿ ತೆರೆದಿದ್ದರೆ ಮಾತ್ರ ಎಚ್ಚರ. ಕೆಳಗಿನಿಂದ ಗಿಡ್ಡ ಮಾಡಲು ಆಗುವುದಿಲ್ಲ, ಭುಜದ ಕಡೆಯಿಂದ ಬಿಚ್ಚಬೇಕು. ಅದು ದುಬಾರಿ ಕೆಲಸ. ಪ್ಯಾಂಟಿನಲ್ಲಿ ತೊಡೆಯ ನಡುವಿನ ಬಟ್ಟೆ ಸವೆದಿದೆಯಾ ನೋಡಿ. ಅಲ್ಲಿ ಸವೆದಿದ್ದರೆ ಬಿಟ್ಟುಬಿಡಿ.

ಅವ್ವನಿಗೆ ಹೇಳುವುದೇ ಕಷ್ಟವಾಯಿತು. 'ಮಂದಿ ಮೈಮ್ಯಾಲಿನ ಬಟ್ಟಿ ಮದುಮಗಗ ಹಾಕ್ತೀಯೇನೋ?' ಅಂತ ಕಣ್ಣೀರು ತೆಗೆದಳು. ನಾನು ವಾದ ಮಾಡಲಿಲ್ಲ. ಅರಿಶಿನದ ಶಾಸ್ತ್ರಕ್ಕೆ, ತಾಳಿ ಕಟ್ಟುವಾಗ ಹೊಸ ಧೋತರ, ಹೊಸ ಅಂಗಿ. ಕೋಟು ರಿಸೆಪ್ಷನ್ನಿಗೆ ಮಾತ್ರ. ಅಷ್ಟಕ್ಕೆ ಒಪ್ಪಿದಳು. ಅವಳ ಮನಸ್ಸು ನೋಯಿಸಿ ಉಳಿಸುವ ರೊಕ್ಕ ನನಗೆ ಬೇಡ.

ಡ್ರೈಕ್ಲೀನ್, ರಫೂ, ಸೊಂಟದ ಕೆಲಸ, ಹೈದರಾಬಾದಿಗೆ ಹೋಗಿಬರುವ ಖರ್ಚು ಎಲ್ಲ ಸೇರಿ 20,500 ಆಯಿತು. ಅವತ್ತು ರಾತ್ರಿ ತಮ್ಮ ವೇದಿಕೆ ಮೇಲೆ ನಿಂತಾಗ ನಾನು ಭುಜವನ್ನೇ ನೋಡುತ್ತಿದ್ದೆ. ಒಂದು ನೆರಿಗೆ ಇರಲಿಲ್ಲ. ಮದುವೆ ಮುಗಿದ ವಾರವೇ ಒಬ್ಬ ಗಿರಾಕಿ 17,000ಕ್ಕೆ ಕೇಳಿದರು. ತಮ್ಮ ಕೊಡಲಿಲ್ಲ. ಈಗ ಅದು ನಮ್ಮ ಮನೆಯಲ್ಲೇ ಇದೆ, ದಪ್ಪ ಮರದ ಹ್ಯಾಂಗರಿಗೆ ಹಾಕಿ, ಹಳೇ ಕಾಟನ್ ಧೋತರ ಹೊದಿಸಿ. ಜೇಬಿನಲ್ಲಿ ಒಣ ಬೇವಿನ ಎಲೆ ಅವ್ವನೇ ಇಟ್ಟಿದ್ದಾಳೆ.