ಎಂಜಿನ್ ಕೌಲಿಂಗ್ ಬಿಸಿಗೆ ಕೆಡದಂತೆ ಕಾಪಾಡಿದ ಬಗೆ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ನಾನು ನೋಡಿಕೊಳ್ಳುವ ಪುಟ್ಟ ತರಬೇತಿ ವಿಮಾನದ ಫೈಬರ್‌ಗ್ಲಾಸ್ ಕೌಲಿಂಗ್ (ಎಂಜಿನ್ನಿನ ಹೊರಹೊದಿಕೆ), ಎಕ್ಸಾಸ್ಟ್ ಕೊಳವೆ ಹಾದುಹೋಗುವ ಕಡೆ ಒಳಗಿನಿಂದ ಕಂದಿತ್ತು. ಹೊರಗಿನ ಬಣ್ಣದಲ್ಲಿ ಗುಳ್ಳೆಗಳೆದ್ದಿದ್ದವು. ಕೋಣೆಯ ಉಷ್ಣಾಂಶದಲ್ಲೇ ಗಟ್ಟಿಯಾಗುವ ಎಪಾಕ್ಸಿ (ಗಾಜಿನ ನಾರುಗಳನ್ನು ಹಿಡಿದಿಡುವ ಅಂಟು) ಸಾಮಾನ್ಯವಾಗಿ 100 ಡಿಗ್ರಿಗೂ ಮೊದಲೇ ಮೆದುವಾಗುತ್ತದೆ, ಕೊಳವೆಯಾದರೋ ಅದರ ಹಲವು ಪಟ್ಟು ಬಿಸಿ. ಹಾರುವಾಗ ಗಾಳಿಯಿಂದ ತಣಿಯುವ ಕೌಲಿಂಗ್, ಎಂಜಿನ್ ನಿಂತ ಮೇಲೆ ಇನ್ನಷ್ಟು ಕಾಯುತ್ತದೆ ಎಂಬುದು ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ.

ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರರ ಒಪ್ಪಿಗೆಯೊಂದಿಗೆ, ಸುಟ್ಟ ಪದರವನ್ನು ಹೊಸದಾಗಿ ಕಟ್ಟಿ, ಕೊಳವೆಯ ಸುತ್ತ ತೆಳು ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ನಡುವೆ ಗಾಳಿಯಾಡುವಷ್ಟು ಅಂತರ ಬಿಟ್ಟು ಕ್ಲಾಂಪ್‌ಗಳಿಂದ ಬಿಗಿದೆ. ಬಳಿಕ ಕೌಲಿಂಗ್‌ನ ಒಳಮೈಯ ಜಿಡ್ಡನ್ನು ಪೂರ್ತಿ ತೆಗೆದು, ಸೆರಾಮಿಕ್ ನಾರಿನ ಹಾಳೆಯನ್ನು ಅಂಟಿಸಿ, ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿದೆ. ಇದರಲ್ಲಿ ಅಂಚುಗಳನ್ನು ಭದ್ರವಾಗಿ ಮುಚ್ಚುವುದೇ ಮುಖ್ಯ, ಏಕೆಂದರೆ ಎಣ್ಣೆ ಹೀರಿದ ನಾರು ಹೊತ್ತಿಕೊಳ್ಳಬಹುದು. ಈಗ ವಿಮಾನ ನಿಲ್ಲಿಸಿದ ಕೂಡಲೇ, ಒಳಗಿನ ಬಿಸಿ ಹೊರಹೋಗಲೆಂದು, ಕೌಲಿಂಗ್ ಮೇಲಿನ ಎಣ್ಣೆ ನೋಡುವ ಮುಚ್ಚಳವನ್ನೂ ತೆರೆದಿಡುತ್ತೇವೆ. ಹೊಸ ಗುಳ್ಳೆಗಳು ಎದ್ದಿಲ್ಲ.